ಫುಲ್‌ಬ್ಯಾಕ್‌ನ ಬಾಯಿಪಾಠ

"ಅಮ್ಮ, ಆ ಪರದೆ ಎಳಿ" ಎಂದ ಅಶ್ವಿತ್, ತಟ್ಟೆಯ ಮುಂದೆ ಕಣ್ಣು ಮುಚ್ಚಿಕೊಂಡು.

ಜೂನ್ ತಿಂಗಳಲ್ಲಿ ಡೆಲ್ಫ್ಟ್‌ನ ಸೂರ್ಯ ರಾತ್ರಿಯೂಟದ ಹೊತ್ತಿಗೂ ಎದ್ದು ಹೋಗುವ ಲಕ್ಷಣ ತೋರಿಸುವುದಿಲ್ಲ. ಚಳಿಗಾಲವಿಡೀ ಅವನ ದಾರಿ ಕಾದು ಸೋತವರು ಈ ತಿಂಗಳಲ್ಲಿ ಕಿಟಕಿ, ಬಾಗಿಲು, ಹಿತ್ತಿಲ ಗೇಟು ಎಲ್ಲವನ್ನೂ ತೆರೆದಿಟ್ಟು ಕೂರುತ್ತಾರೆ. ಬಿಸಿಲು ಬೇಡ ಎಂದವನು ಆ ಸಾಲುಮನೆಗಳಲ್ಲಿ ಅಂದು ಇವನೊಬ್ಬನೇ ಇರಬೇಕು.

"ಎಂತ ಮಾರಾಯ ನಿಂಗೆ? ಬಂಗುಡೆ ಮುಟ್ಟಲೇ ಇಲ್ಲ" ಎಂದಳು ವಿನೋದಾ. ಶನಿವಾರದ ಸಂತೆಯಲ್ಲಿ ಮೀನಿನ ಗಾಡಿಯವನೊಡನೆ ಜಗಳಾಡಿ ಆರಿಸಿ ತಂದ ಬಂಗುಡೆ ಅದು.

"ತಲೆನೋವು. ವಾಕರಿಕೆ ಬಂದ ಹಾಗೆ ಆಗ್ತದೆ."

"ಪಿತ್ತ. ನಿನ್ನೆ ಆಟ ಮುಗಿಸಿ ಖಾಲಿ ಹೊಟ್ಟೆಗೆ ಕಾಫಿ ಸುರಿದುಕೊಂಡಿದ್ದಿ. ಇನ್ನೆಂತ ಆಗ್ತದೆ?"

"ಪಿತ್ತವೂ ಇಲ್ಲ, ಎಂತದೂ ಇಲ್ಲ. ದೃಷ್ಟಿ" ಎಂದರು ಅಜ್ಜಿ ಇಂದಿರಮ್ಮ. "ಮೊನ್ನೆ ಕನ್ನಡ ಸಂಘದ ಊಟದಲ್ಲಿ ಆ ಪ್ರಭಾ ಇವನ ತೋಳು ನೋಡಿ ಎಂತ ಹೇಳಿದ್ದು? ನಾನು ಅಲ್ಲಿಯೇ ಇದ್ದೆ."

"ಎರಡೂ ಅಲ್ಲ, ಸುಸ್ತು" ಎಂದ ಅಪ್ಪ ಲೋಕನಾಥ, ಫೋನಿನಿಂದ ಕಣ್ಣೆತ್ತದೆ. "ನಿನ್ನೆ ಇವ ಗುದ್ದಿದ್ದು ನೀವು ನೋಡಬೇಕಿತ್ತು ಅಮ್ಮ. ಇಬ್ಬರ ತಲೆಯೂ ಢಿಕ್ಕಿ. ಎದುರಿನವ ಮಲಗಿಯೇ ಇದ್ದ. ಇವ ಎದ್ದು ನಡೆದುಕೊಂಡು ಬಂದ."

"ಡಾಕ್ಟರು ನೋಡಿದರಾ?" ಎಂದು ಕೇಳಿದಳು ವಿನೋದಾ.

"ಅಲ್ಲಿಯೇ ಟೆಸ್ಟ್ ಮಾಡಿದ್ರು ಅಮ್ಮ. ಪಾಸ್" ಎಂದ ಅಶ್ವಿತ್.

ಪಾಸ್ ಎಂದ ಮೇಲೆ ಆಯಿತು. ಆ ಮನೆಯಲ್ಲಿ ಆ ಪದಕ್ಕೆ ಬಹಳ ಮರ್ಯಾದೆ. ಒಂದೇ ತಲೆಗೆ ಮೂವರು ಮೂರು ಕಾರಣ ಹೇಳಿದರು. ಪೆಟ್ಟು ಬಿದ್ದದ್ದೇ ಕಾರಣವಿರಬಹುದೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೆಲ್ಮೆಟ್ ಇತ್ತಲ್ಲ! ವಿನೋದಾ ಪರದೆ ಎಳೆದು, ಕೊತ್ತಂಬರಿ ಜೀರಿಗೆ ಕಷಾಯಕ್ಕೆ ನೀರಿಟ್ಟಳು.

ಅಶ್ವಿತ್ ಆಡುತ್ತಿದ್ದದ್ದು ಅಮೆರಿಕನ್ ಫುಟ್‌ಬಾಲ್. ರೋಟರ್‌ಡ್ಯಾಮಿನ ಹೊರವಲಯದ ಒಂದು ವೃತ್ತಿಪರ ತಂಡ ಅವನಿಗೆ ಸಂಬಳ ಕೊಡುತ್ತಿತ್ತು. ಅವನ ಜಾಗದ ಹೆಸರು ಫುಲ್‌ಬ್ಯಾಕ್. ಅದೇನೆಂದು ಲೋಕನಾಥ ಕಂಡಕಂಡವರಿಗೆಲ್ಲ ಊಟದ ಮೇಜಿನ ಮೇಲೆ ಲೋಟಗಳನ್ನಿಟ್ಟು ತೋರಿಸುತ್ತಿದ್ದ. "ಇದು ಚೆಂಡು ಹಿಡಿದು ಓಡುವವ. ಇದು ಎದುರಿನವ, ಬೀಳಿಸ್ಲಿಕ್ಕೆ ಬರ್ತಾನೆ. ಇದು ನಮ್ಮವ. ನಮ್ಮವ ಮುಂದೆ ಓಡಿ ಎದುರಿನವನ ಪೆಟ್ಟು ತಾನು ತಿಂತಾನೆ, ಹಿಂದಿನವ ದಾಟಿ ಹೋಗ್ತಾನೆ."

"ಚಪ್ಪಾಳೆ ಯಾರಿಗೆ?" ಎಂದು ಕೇಳಿದ್ದರು ಇಂದಿರಮ್ಮ, ಮೊದಲ ಸಲ ಲೋಟ ನೋಡಿದಾಗ.

"ಚೆಂಡು ಹಿಡಿದವನಿಗೆ."

"ನಮ್ಮ ಹುಡುಗನಿಗೆ ಚೆಂಡು ಕೊಡುದೇ ಇಲ್ವಾ?"

"ಅಪರೂಪಕ್ಕೆ."

"ಹಾಗಾದ್ರೆ ಇದೆಂತ ಆಟ?" ಎಂದು ಅಜ್ಜಿ ತಮ್ಮ ಲೋಟ ಎತ್ತಿಕೊಂಡಿದ್ದರು. ಅವರ ಕಾಫಿ ತಣ್ಣಗಾಗುತ್ತಿತ್ತು.

ಲೋಕನಾಥ ಯಾವಾಗಲೂ ಹೀಗೆ ಲೋಟ ಜೋಡಿಸುವವನಾಗಿರಲಿಲ್ಲ. ಮಗ ಹತ್ತೊಂಬತ್ತರಲ್ಲಿ ಇದೇ ಊರಿನ ಎಂಜಿನಿಯರಿಂಗ್ ಓದನ್ನು ಬಿಟ್ಟು, ಜರ್ಮನಿಯ ಒಂದು ತಂಡ ಕರೆಯಿತೆಂದು ಚೀಲ ಕಟ್ಟಿದಾಗ ಈ ಮನೆಯ ಹಂಚು ಹಾರುವ ಹಾಗೆ ಕೂಗಾಡಿದ್ದ. "ಮೃದಂಗ ಅರ್ಧಕ್ಕೆ ಬಿಟ್ಟಿ. ಈಜು ಅರ್ಧಕ್ಕೆ ಬಿಟ್ಟಿ. ಈಗ ಇದು. ಅರ್ಧಕ್ಕೆ ಬಿಡುವುದೊಂದನ್ನು ಮಾತ್ರ ನೀನು ಪೂರ್ತಿ ಕಲಿತದ್ದು!" ಆಮೇಲೆ ವರ್ಷಕ್ಕೂ ಮೇಲೆ ಅಪ್ಪ ಮಗನಿಗೆ ಮಾತಿಲ್ಲ. ಅಶ್ವಿತ್ ರಜೆಗೆ ಬಂದರೆ ಒಂದೇ ಮೇಜಿಗೆ ಕೂತು, "ಅವನಿಗೆ ಹೇಳು ಉಪ್ಪಿನಕಾಯಿ ಈ ಕಡೆ ಕೊಡ್ಲಿಕ್ಕೆ", "ಅಪ್ಪನಿಗೆ ಹೇಳು ಅಲ್ಲಿಯೇ ಉಂಟು ಅಂತ" ಎಂದು ವಿನೋದಾಳ ಮೂಲಕ ವ್ಯವಹಾರ. ನಡುವೆ ಕೂತು ಆ ಮಾತುಗಳನ್ನು ಸಾಗಿಸಿದವಳಿಗೆ ಆಗಿನ ಒಂದು ಊಟದ ರುಚಿಯೂ ನೆನಪಿಲ್ಲ.

ಅದೆಲ್ಲ ಮುರಿದದ್ದು ಒಂದು ವಿಡಿಯೋದಿಂದ. ಎಂದೂ ಚೆಂಡು ಸಿಗದ ಅಶ್ವಿತನಿಗೆ ಒಂದು ಪಂದ್ಯದ ಕೊನೆಯಲ್ಲಿ ಚೆಂಡು ಸಿಕ್ಕಿ, ಮೂವರನ್ನು ಬೆನ್ನ ಮೇಲೆ ಹೇರಿಕೊಂಡೇ ಅವನು ಗೆರೆ ದಾಟಿದ್ದ. ಸಂಘದ ಯತಿರಾಜ್ ಅದನ್ನು ಎಲ್ಲರಿಗೂ ಕಳಿಸಿದ. ಲೋಕನಾಥ ಆಫೀಸಿನ ಟಾಯ್ಲೆಟ್‌ನಲ್ಲಿ ನಿಂತು ಮತ್ತೆ ಮತ್ತೆ ನೋಡಿದನಂತೆ. ಅವತ್ತು ಮಗನಿಗೆ ತಾನೇ ಫೋನ್ ಮಾಡಿ, "ಊಟ ಆಯ್ತಾ?" ಎಂದು ಕೇಳಿದ. ಈಗ ಪ್ರತಿ ಪಂದ್ಯಕ್ಕೂ ಮಗನ ಹೆಸರಿರುವ ಜೆರ್ಸಿ ಹಾಕಿಕೊಂಡು, ಸಂಘದವರನ್ನು ಕಟ್ಟಿಕೊಂಡು ಹೋಗುತ್ತಾನೆ. ಬಂದರಿನ ಸರಕು ಕಂಪನಿಯ ಅವನ ಸಹೋದ್ಯೋಗಿಗಳಿಗೂ ಲೋಟದ ಪಾಠ ಆಗಿದೆ.

ಅಶ್ವಿತನಿಗೆ ಈಗ ಇಪ್ಪತ್ತೇಳು. ಫುಲ್‌ಬ್ಯಾಕ್ ಇಟ್ಟುಕೊಳ್ಳುವ ತಂಡಗಳೇ ಕಡಿಮೆಯಾಗುತ್ತಿದ್ದವು. ಹೊಸ ಕೋಚ್‌ಗಳು ಆ ಜಾಗಕ್ಕೆ ಚುರುಕಿನವನೊಬ್ಬನನ್ನು ಹಾಕಿ ಚೆಂಡು ಎಸೆದು ಆಡಿಸುತ್ತಾರೆ. ಹಳೆಯ ರೀತಿಯ ಕೋಚ್ ಇದ್ದ ಜರ್ಮನಿಯ ಇನ್ನೊಂದು ತಂಡ ಮಾತ್ರ ಇವನನ್ನು ಎರಡು ವರ್ಷಕ್ಕೆ ಕೇಳುತ್ತಿತ್ತು. ಮುಂದಿನ ವಾರ ಪಂದ್ಯವಿಲ್ಲ. ಅದರ ಮುಂದಿನ ಶನಿವಾರ ಆ ಕೋಚ್ ಖುದ್ದಾಗಿ ಬಂದು ನೋಡುತ್ತಾನೆ. ಚೆನ್ನಾಗಿ ಆಡಿದರೆ ಸಹಿ. ಇದು ತಪ್ಪಿದರೆ ಇನ್ನೊಬ್ಬ ಕರೆಯುವವನಿಲ್ಲ ಎಂಬುದು ಅಶ್ವಿತನಿಗೂ ಗೊತ್ತಿತ್ತು, ಲೋಕನಾಥನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಸಂಜೆ ಏಳಕ್ಕೆ ಇಂದಿರಮ್ಮ ದೀಪ ಹಚ್ಚಿದರು. ಹೊರಗೆ ನೆರೆಮನೆಯ ಮಕ್ಕಳು ಬಿಸಿಲಲ್ಲಿ ಪೈಪಿನ ನೀರು ಹಾರಿಸಿಕೊಳ್ಳುತ್ತಿದ್ದವು. ಹತ್ತು ಗಂಟೆಗೆ ಮುಳುಗುವ ಸೂರ್ಯನ ಲೆಕ್ಕ ಅಜ್ಜಿಗೆ ಬೇಕಿರಲಿಲ್ಲ. ಏಳು ಎಂದರೆ ಮುಸ್ಸಂಜೆ, ಮುಸ್ಸಂಜೆ ಎಂದರೆ ದೀಪ, ದೀಪ ಎಂದರೆ ಬಾಯಿಪಾಠ. ಮಂಗಳೂರಿನಿಂದ ಈ ಮನೆಗೆ ಬಂದಾಗ ಅಶ್ವಿತ್ ಐದು ವರ್ಷದವನು. ಅಂದಿನಿಂದ ವಾರ, ಮಾಸ, ತಿಥಿ, ನಕ್ಷತ್ರ ಹೇಳಿಸಿದ್ದೇ ಹೇಳಿಸಿದ್ದು. ಚಿಕ್ಕವನಿದ್ದಾಗ ಮನೆಗೆ ಬಂದವರ ಮುಂದೆ ಅವನು ಇಪ್ಪತ್ತೇಳು ನಕ್ಷತ್ರಗಳನ್ನು ರೇವತಿಯಿಂದ ಅಶ್ವಿನಿಯವರೆಗೆ ಹಿಂದುಮುಂದಾಗಿ ಒಂದೇ ಉಸಿರಿಗೆ ಹೇಳಿ ಚಾಕೊಲೇಟ್ ಗಿಟ್ಟಿಸುತ್ತಿದ್ದ. ನೂರೆಂಟು ಕಿಲೋ ತೂಕದ ಆಳಾದ ಮೇಲೂ, ಊರಲ್ಲಿದ್ದ ದಿನ ಅಜ್ಜಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂರುವುದನ್ನು ಬಿಟ್ಟಿರಲಿಲ್ಲ. ತಾನು ಪೂರ್ತಿ ಮಾಡಿದ್ದು ಅದೊಂದೇ ಎಂದು ಅವನೇ ತಮಾಷೆ ಮಾಡುತ್ತಿದ್ದ.

"...ಆರ್ದ್ರಾ, ಪುನರ್ವಸು, ಪುಷ್ಯ..." ಎಂದವನು ನಿಂತ.

ಅಜ್ಜಿ ಕಾದರು. ಅವನು ದೀಪ ನೋಡುತ್ತಿದ್ದ.

"ಆಶ್ಲೇಷಾ" ಎಂದರು ಅಜ್ಜಿ ಮೆಲ್ಲಗೆ.

"ಹಾಂ, ಆಶ್ಲೇಷಾ, ಮಖಾ..." ಎಂದು ಅವನು ಮುಂದೆ ಹೋದ. ಸೋಫಾದಲ್ಲಿದ್ದ ಲೋಕನಾಥನಿಗೆ ಕೇಳಿಸಲಿಲ್ಲ. ಕೇಳಿಸಬಾರದೆಂದೇ ಅಜ್ಜಿ ಮೆಲ್ಲಗೆ ಹೇಳಿದ್ದು. ಮೊಮ್ಮಗ ಮರೆತನೆಂದರೆ ಮಗ, ಬಿಟ್ಟ ಮೃದಂಗದಿಂದ ಶುರುಮಾಡುತ್ತಾನೆ. ಅಲ್ಲದೆ ದೀಪದ ಮುಂದೆ ಶುರುಮಾಡಿದ್ದು ನಡುವೆ ನಿಲ್ಲಬಾರದು. ಇಷ್ಟು ವರ್ಷದಲ್ಲಿ ಒಂದು ದಿನವೂ ನಿಂತದ್ದಿಲ್ಲ, ಅವರು ನಿಲ್ಲಲು ಬಿಟ್ಟದ್ದಿಲ್ಲ.

ಮಾರನೆಯ ದಿನ ಅನೂರಾಧಾ ಹೇಳಿಕೊಟ್ಟರು. ಅದರ ಮಾರನೆಯ ದಿನ ಮತ್ತೆ ಎರಡು.

ವಿನೋದಾಳ ಚಿಕಿತ್ಸೆಯೂ ಬಿಡದೆ ನಡೆಯಿತು. ಬೆಳಿಗ್ಗೆ ಕಷಾಯ, ಮಧ್ಯಾಹ್ನ ಪುನರ್ಪುಳಿ ಸಾರು, ನೆತ್ತಿಗೆ ತಂಪಿನ ಎಣ್ಣೆ. ಅಶ್ವಿತ್ ಕೊಟ್ಟದ್ದನ್ನು ಕುಡಿದ. ಪಿತ್ತ ಎನ್ನುವುದು ಅವನಿಗೂ ಅನುಕೂಲದ ಕಾಯಿಲೆ. ಅದಕ್ಕೆ ಯಾರೂ ಡಾಕ್ಟರ ಹತ್ತಿರ ಕಳಿಸುವುದಿಲ್ಲ. ಮನೆಯೊಳಗೂ ಟೋಪಿ ಹಾಕಿಕೊಂಡು ತಿರುಗಿದ. ಒಂದು ದಿನ ಹಾಲು ಒಲೆಯ ಮೇಲಿಟ್ಟು ಮಹಡಿಗೆ ಹೋಗಿ ಮಲಗಿದ. ಪಾತ್ರೆ ಕರಕಾಯಿತು.

"ಎಂತ ಮಾಡಿದ್ದು ನೀನು? ಮನೆಗೆ ಬೆಂಕಿ ಬೀಳ್ತಿತ್ತು!"

"ಇಟ್ಟದ್ದು ನಾನಾ?"

"ಮತ್ತೆ ಯಾರು, ನಿನ್ನ ಕೋಚ್ ಬಂದು ಇಟ್ಟದ್ದಾ?"

ಅವನು ನಗಲಿಲ್ಲ. ಪಾತ್ರೆ ತಿಕ್ಕಲು ನಿಂತ. ತಿಕ್ಕುತ್ತಾ, "ಶ್ರೇಯಾ ಯಾವಾಗ ಬರುದು?" ಎಂದು ಕೇಳಿದ. ನಾಳೆ, ಶುಕ್ರವಾರ ಎಂದಳು ವಿನೋದಾ. ಪಾತ್ರೆ ತೊಳೆದಿಟ್ಟು ಕೈ ಒರೆಸಿಕೊಳ್ಳುತ್ತಾ ಮತ್ತೆ ಕೇಳಿದ, "ಶ್ರೇಯಾ ಯಾವಾಗ ಬರುದು?" ವಿನೋದಾ ಅವನ ಮುಖ ನೋಡಿ, ಕಷಾಯಕ್ಕೆ ಇನ್ನೊಂದು ಚಮಚ ಜೀರಿಗೆ ಹಾಕಿದಳು. ಹೆದರಿಕೆಯಾದಾಗ ಅವಳು ಏನನ್ನಾದರೂ ಕುದಿಸುತ್ತಾಳೆ.

ಶ್ರೇಯಾ ಗ್ರೋನಿಂಗನ್‌ನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಳು. ಶುಕ್ರವಾರ ರೈಲಿನಲ್ಲಿ ಬಂದವಳು ಒಂದೇ ಊಟದಲ್ಲಿ ಅಣ್ಣನನ್ನು ಪೂರ್ತಿ ನೋಡಿಬಿಟ್ಟಳು. ಪಾತ್ರೆ ತೊಳೆಯುವಾಗ ಅಡುಗೆಮನೆಯ ಬಾಗಿಲು ಹಾಕಿಕೊಂಡಳು.

"ಎಷ್ಟು ದಿನದಿಂದ ಹೀಗೆ?"

"ಹೇಗೆ?"

"ಅಣ್ಣ, ನನ್ನ ಹತ್ತಿರ ಬೇಡ. ಲೈಟ್ ಆಗಲ್ಲ, ಸೌಂಡ್ ಆಗಲ್ಲ, ಒಂದೇ ಪ್ರಶ್ನೆ ಎರಡು ಸಲ. ಇದು ಹರ್ಸನ್‌ಸ್ಖುಡಿಂಗ್. ಮಿದುಳು ಅಲ್ಲಾಡಿದ್ದು. ನಿನಗೂ ಗೊತ್ತು."

"ಟೀಮ್ ಡಾಕ್ಟರ್ ಟೆಸ್ಟ್ ಮಾಡಿದ್ದಾರೆ. ಪಾಸ್."

"ಹೇಗೆ ಪಾಸ್ ಆದಿ?"

ಅಶ್ವಿತ್ ಬಟ್ಟೆಯಿಂದ ಒಂದೇ ತಟ್ಟೆಯನ್ನು ಒರೆಸುತ್ತಲೇ ಇದ್ದ. ಆಮೇಲೆ ಹೇಳಿದ. ಸೀಸನ್ನಿನ ಆರಂಭದಲ್ಲಿ ಎಲ್ಲರಿಗೂ ಒಂದು ನೆನಪಿನ ಪರೀಕ್ಷೆ ಇರುತ್ತದೆ. ಪೆಟ್ಟು ಬಿದ್ದ ಮೇಲೆ ಅದೇ ಪರೀಕ್ಷೆ ಮತ್ತೆ ಕೊಟ್ಟು ಹೋಲಿಸುತ್ತಾರೆ. "ಮೊದಲನೆಯದನ್ನು ಬೇಕಂತಲೇ ಹಾಳು ಮಾಡಿ ಬರೆದರೆ ಎರಡನೆಯದು ಹಾಳಾದದ್ದು ಕಾಣುದಿಲ್ಲ. ತುಂಬ ಜನ ಮಾಡ್ತಾರೆ. ನಾನೊಬ್ಬನೇ ಅಲ್ಲ."

"ನೀನು! ನಕ್ಷತ್ರ ಹಿಂದುಮುಂದು ಹೇಳಿ ನನ್ನ ಪಾಲಿನ ಚಾಕೊಲೇಟನ್ನೂ ತಿಂದವ ನೀನು! ದಡ್ಡ ಅಂತ ಬರೆಸಿಕೊಂಡು ಬಂದಿಯಾ?"

"ಮೆಲ್ಲಗೆ ಮಾತಾಡು ಮಾರಾಯ್ತಿ. ತಲೆ ಒಡೀತದೆ."

"ಇದು ಮಾಗುವ ಮೊದಲು ಇನ್ನೊಂದು ಪೆಟ್ಟು ಬಿದ್ದರೆ ನೀನು ಏಳದೇ ಇರಬಹುದು ಅಣ್ಣ. ನಾನು ಹೆದರಿಸ್ಲಿಕ್ಕೆ ಹೇಳ್ತಿಲ್ಲ."

"ಮುಂದಿನ ಶನಿವಾರ ಒಂದು ಪಂದ್ಯ. ಆಮೇಲೆ ಎಷ್ಟು ಬೇಕಾದರೂ ಮಲಗ್ತೇನೆ. ಅಪ್ಪನಿಗೆ ಹೇಳಿದರೆ ನಿನ್ನ ನನ್ನ ಮಾತು ಇವತ್ತಿಗೆ ಮುಗೀತು."

ಶ್ರೇಯಾ ಅಪ್ಪನಿಗೆ ಹೇಳಲಿಲ್ಲ. ಅಮ್ಮನಿಗೆ ಹೇಳಿದಳು, ಶನಿವಾರ ಬೆಳಿಗ್ಗೆ ಸಂತೆಯಲ್ಲಿ, ಸೊಪ್ಪಿನ ಗಾಡಿಯ ಮುಂದೆ. ವಿನೋದಾ ಕೊತ್ತಂಬರಿ ಕಟ್ಟನ್ನು ಎತ್ತಿ ಮೂಸಿದಳು, ಇಟ್ಟಳು, ಮತ್ತೆ ಎತ್ತಿದಳು.

"ಪಿತ್ತ ಇಳೀತಾ ಉಂಟು. ನಿನ್ನೆ ಎರಡು ದೋಸೆ ತಿಂದಿದ್ದಾನೆ."

"ಅಮ್ಮ, ನಾನು ಎಂತ ಹೇಳಿದ್ದು ಅಂತ ಕೇಳಿಸಿತಾ?"

"ಕೇಳಿಸಿತು!" ವಿನೋದಾಳ ದನಿಗೆ ಗಾಡಿಯವನು ತಿರುಗಿ ನೋಡಿದ. "ಎಲ್ಲ ಕೇಳಿಸಿತು. ಅವ ಆಟ ಬಿಟ್ಟರೆ ನಿನ್ನ ಅಪ್ಪ ಮತ್ತೆ ಮಾತು ಬಿಡ್ತಾರೆ. ನೀನು ಆಗ ಸಣ್ಣವಳು. ಆ ವರ್ಷ ಈ ಮನೆಯಲ್ಲಿ ಹೇಗಿತ್ತು ಅಂತ ನಂಗೊಬ್ಬಳಿಗೆ ಗೊತ್ತು. ಒಂದು ಪಂದ್ಯ ಅಂತ ಹೇಳ್ತಾನಲ್ಲ. ದೇವರಿದ್ದಾನೆ."

ಕೊತ್ತಂಬರಿಯನ್ನು ಅಲ್ಲಿಯೇ ಬಿಟ್ಟು ಇಬ್ಬರೂ ಸೈಕಲ್ ಹತ್ತಿದರು.

ಭಾನುವಾರ ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಕೋಳಿ ಸುಕ್ಕ ಬಡಿಸುತ್ತಿದ್ದಂತೆ ಅಪ್ಪನ ಮುಂದೆ ಎಲ್ಲವನ್ನೂ ಸುರಿದಳು. ಲೋಕನಾಥ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ.

"ನೀನು ಎರಡನೇ ವರ್ಷದ ಸ್ಟೂಡೆಂಟ್. ಅವರದ್ದು ದೊಡ್ಡ ಡಾಕ್ಟರ್. ಯಾರ ಮಾತು ಕೇಳುದು ನಾನು?"

"ಟೆಸ್ಟೇ ಸುಳ್ಳು ಅಪ್ಪ. ಅವನನ್ನೇ ಕೇಳಿ."

"ಏನೋ, ಹೌದಾ?"

ಅಶ್ವಿತ್ ಅಪ್ಪನನ್ನು ನೋಡಿದ. ಅಪ್ಪ ಮನೆಯಲ್ಲೂ ಅವನ ಹೆಸರಿನ ಜೆರ್ಸಿಯಲ್ಲಿದ್ದ. "ಇಲ್ಲ" ಎಂದ. "ಇವಳು ಪುಸ್ತಕ ಓದಿದ್ದನ್ನೆಲ್ಲ ನನ್ನ ಮೇಲೆ ಪ್ರಯೋಗ ಮಾಡ್ತಾಳೆ. ನಂಗೆ ಪಿತ್ತ. ಅಮ್ಮನನ್ನು ಕೇಳಿ."

ವಿನೋದಾ ಸಾರಿನ ಪಾತ್ರೆಯ ಮುಚ್ಚಳ ತೆರೆದು ಒಳಗೆ ನೋಡತೊಡಗಿದಳು.

"ಕೇಳಿಸಿತಾ?" ಎಂದ ಲೋಕನಾಥ. "ಅಣ್ಣನ ಒಳ್ಳೇದು ನೋಡ್ಲಿಕ್ಕೆ ಆಗದಿದ್ದರೆ ಗ್ರೋನಿಂಗನ್‌ನಲ್ಲೇ ಇರು. ರೈಲಿನ ದುಡ್ಡಾದರೂ ಉಳೀತದೆ."

ಶ್ರೇಯಾ ತಟ್ಟೆ ಬಿಟ್ಟೆದ್ದು ಹಿತ್ತಿಲಿಗೆ ಹೋದಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ, ಹಾಗೆಯೇ ಕಲ್ಲಿನ ಮೇಲೆ ಕೂತಳು. ಸಂಜೆ ಏಳಾದರೂ ಒಳಗೆ ಬರಲಿಲ್ಲ. ಹಿತ್ತಿಲ ಬಾಗಿಲು ದೇವರ ಮೂಲೆಗೆ ಹತ್ತಿರ. ಒಳಗಿಂದ ಅಣ್ಣನ ಬಾಯಿಪಾಠ ಕೇಳುತ್ತಿತ್ತು. ಅವನು ಮೂಲಾ ಎಂದು ನಿಂತ. ಅಜ್ಜಿಯ ಪಿಸುದನಿ ಬಂತು. ಮತ್ತೆ ಶ್ರವಣ ಎಂದು ನಿಂತ. ಮತ್ತೆ ಪಿಸುದನಿ.

ಅಜ್ಜಿ ಬೀನ್ಸ್ ಮುರಿಯಲು ಹಿತ್ತಿಲಿಗೆ ಬಂದಾಗ ಅವಳು ಕೇಳಿದಳು, "ಅಜ್ಜಿ, ನೀವು ಅವನಿಗೆ ಹೇಳಿಕೊಟ್ಟಿರಾ?"

"ಮರೆತ. ಆಟದ ಗಡಿಬಿಡಿ."

"ಇವತ್ತು ಮಾತ್ರವಾ?"

ಇಂದಿರಮ್ಮ ಬೀನ್ಸಿನ ನಾರು ಎಳೆದರು. "ಈ ವಾರ ಇಡೀ."

"ಒಂದೇ ಜಾಗದಲ್ಲಿ ಮರೀತಾನಾ?"

"ಅದೇ ಹೇಳ್ತೇನೆ, ಅದೇ ನಂಗೂ ಅರ್ಥ ಆಗುದಿಲ್ಲ. ನಿನ್ನೆ ಹೇಳಿದ್ದು ಇವತ್ತು ಇಲ್ಲ, ಇವತ್ತು ಹೇಳಿದ್ದು ನಾಳೆ ಇಲ್ಲ. ನಾನೇ ಉಪ್ಪು ಮೆಣಸು ನಿವಾಳಿಸಿ ಹಾಕಿದೆ. ಹೋಗಲಿಲ್ಲ." ಅಜ್ಜಿಯ ಕೈ ನಿಂತಿತು. "ಅವನ ತಲೆಗೆ ನಿಜವಾಗಿ ಎಂತಾದರೂ ಆಗಿದೆಯಾ ಮಗಾ?"

ಶ್ರೇಯಾ ಅಡುಗೆಮನೆಯಲ್ಲಿ ಅಣ್ಣ ಹೇಳಿದ್ದನ್ನೆಲ್ಲ ನಿಧಾನವಾಗಿ ತಿಳಿಸಿದಳು. ಡಾಕ್ಟರಿಗೆ ಕೊಟ್ಟ ಪರೀಕ್ಷೆಯನ್ನು ಅವನು ಹಾಳು ಮಾಡಬಹುದು. ಇಪ್ಪತ್ತೆರಡು ವರ್ಷ ಈ ದೀಪದ ಮುಂದೆ ಕೊಟ್ಟದ್ದನ್ನು ಹೇಗೆ ಹಾಳು ಮಾಡುತ್ತಾನೆ ಎಂದಳು. ಅಜ್ಜಿ ಕೈಯಲ್ಲಿದ್ದ ಬೀನ್ಸನ್ನು ಕೆಳಗಿಟ್ಟರು.

"ನಾನು ಹೇಳಿಕೊಟ್ಟು ಹೇಳಿಕೊಟ್ಟು ಮುಚ್ಚಿಟ್ಟೆ" ಎಂದರು.

"ಶುಕ್ರವಾರ ಬರ್ತೇನೆ. ಅವತ್ತು ಅಪ್ಪನನ್ನು ಕೂರಿಸುವಾ. ನೀವು ಹೇಳಿಕೊಡಬೇಡಿ ಅಜ್ಜಿ."

"ದೀಪದ ಮುಂದೆ ಅರ್ಧಕ್ಕೆ ನಿಲ್ಲಿಸುದಾ?" ಇಂದಿರಮ್ಮನ ಮುಖ ಬಿಳಚಿಕೊಂಡಿತು. ಆಗಲಿ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಮುರಿದ ಬೀನ್ಸನ್ನು ಸೆರಗಿಗೆ ಹಾಕಿಕೊಂಡು ಒಳಗೆ ಹೋದರು.

ಆ ವಾರ ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆದರು. ಅಶ್ವಿತ್ ಅಭ್ಯಾಸಕ್ಕೆ ಹೋಗಿ ಬಂದ, ಬಂದವನೇ ಮಲಗಿದ. ಲೋಕನಾಥ ಸಂಘದ ಗುಂಪಿಗೆ ದಿನಕ್ಕೊಂದು ಸಂದೇಶ ಹಾಕಿದ: ಶನಿವಾರ ಎಲ್ಲರೂ ಬರಬೇಕು, ಕಾರಿಲ್ಲದವರಿಗೆ ಯತಿರಾಜ್ ವ್ಯವಸ್ಥೆ ಮಾಡುತ್ತಾನೆ. ವಿನೋದಾ ಪಂದ್ಯದ ದಿನಕ್ಕೆಂದು ಚಕ್ಕುಲಿ ಕರಿದಳು. ಮೂರು ಡಬ್ಬ ತುಂಬಿದರೂ ಕರಿಯುತ್ತಲೇ ಇದ್ದಳು.

ಶುಕ್ರವಾರ ಏಳಕ್ಕೆ ದೀಪ ಹಚ್ಚಿ ಇಂದಿರಮ್ಮ ಕರೆದರು. "ಲೋಕು, ನೀನೂ ಬಾ ಇಲ್ಲಿ. ವಿನೋದಾ, ಒಲೆ ಆರಿಸು. ನಾಳೆ ಹುಡುಗ ಆಡ್ಲಿಕ್ಕೆ ಹೋಗ್ತಾನೆ. ಎಲ್ಲರೂ ಕೂತುಕೊಳ್ಳಿ."

ಲೋಕನಾಥ ಸಂತೋಷದಿಂದಲೇ ಬಂದು ಕೂತ. ಅಶ್ವಿತ್ ತನ್ನ ಜಾಗದಲ್ಲಿ ಕೂತು ಟೋಪಿ ತೆಗೆದ. ಶ್ರೇಯಾ ಅಮ್ಮನ ಪಕ್ಕ ಕೂತಳು. ಅವಳು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು, ಅಜ್ಜಿ ಅವಳನ್ನು ನೋಡಲಿಲ್ಲ.

"ಅಶ್ವಿತ, ಇವತ್ತು ಹಿಂದುಮುಂದು ಹೇಳು. ಚಿಕ್ಕವನಿದ್ದಾಗ ಹೇಳ್ತಿದ್ದಿಯಲ್ಲ, ಹಾಗೆ."

"ಯಾಕಜ್ಜಿ?"

"ಕೇಳಬೇಕು ಅಂತ ಆಸೆ ಆಗಿದೆ."

"ಹೇಳು ಹೇಳು" ಎಂದ ಲೋಕನಾಥ. "ಆ ಕೋಚ್‌ಗೂ ನಾಳೆ ಇದನ್ನೇ ಹೇಳಿ ತೋರಿಸುವಾ."

ಅಶ್ವಿತ್ ಉಸಿರೆಳೆದುಕೊಂಡ. "ರೇವತಿ, ಉತ್ತರಾಭಾದ್ರಾ, ಪೂರ್ವಾಭಾದ್ರಾ, ಶತಭಿಷಾ..."

ಅಲ್ಲಿ ನಿಂತ. ಅಭ್ಯಾಸದಂತೆ ಅಜ್ಜಿಯ ಕಡೆ ತಿರುಗಿದ. ಇಂದಿರಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ದೀಪವನ್ನೇ ನೋಡುತ್ತಿದ್ದರು.

"ಶತಭಿಷಾ..." ಎಂದ ಮತ್ತೆ. "ಶ್ರವಣ. ಅಲ್ಲ. ಶತಭಿಷಾ, ಪೂರ್ವಾಭಾದ್ರಾ..."

"ಅದು ಹೇಳಿ ಆಯ್ತಲ್ಲ ಮಾರಾಯ" ಎಂದು ಲೋಕನಾಥ ನಕ್ಕ. ಯಾರೂ ನಗಲಿಲ್ಲ. ವಿನೋದಾಳ ತುಟಿ ಅಲುಗಿತು. ಶ್ರೇಯಾ ಅವಳ ಕೈ ಗಟ್ಟಿಯಾಗಿ ಹಿಡಿದಳು.

"ಮೊದಲಿಂದ ಹೇಳ್ತೇನೆ. ರೇವತಿ. ಉತ್ತರಾ... ಉತ್ತರಾಷಾಢಾ..." ಅವನ ಹಣೆ ಬೆವರಿತ್ತು. ದೊಡ್ಡ ಕೈ ತೊಡೆಯ ಮೇಲೆ ಬೆರಳು ಮಡಿಸುತ್ತಿತ್ತು, ಎಲ್ಲಿ ಮಡಿಸಿದೆನೆಂದು ಮರೆತು ಮತ್ತೆ ಬಿಚ್ಚುತ್ತಿತ್ತು. "ರೇವತಿ..."

ಲೋಕನಾಥನ ಮುಖದಲ್ಲಿ ನಗು ಎಲ್ಲಿತ್ತೋ ಅಲ್ಲೇ ಒಣಗಿತು. ಸೋಫಾದ ಮೇಲೆ ನಿಲ್ಲಿಸಿದರೆ ಒಂದೇ ಉಸಿರಿಗೆ ಹೇಳಿ, ಕೊನೆಗೆ ತನ್ನದೇ ಜನ್ಮನಕ್ಷತ್ರವಾದ ಅಶ್ವಿನಿ ಬಂದಾಗ ಕೂಗಿ ಹಾರುತ್ತಿದ್ದ ಹುಡುಗನನ್ನು ಅವನು ಎಷ್ಟು ಜನರಿಗೆ ತೋರಿಸಿರಲಿಲ್ಲ!

"ಅಮ್ಮ, ಹೇಳಿಕೊಡಿ ಅವನಿಗೆ."

"ಎರಡು ವಾರದಿಂದ ಹೇಳಿಕೊಡ್ತಾ ಇದ್ದೇನೆ" ಎಂದರು ಇಂದಿರಮ್ಮ. "ನಾಳೆ ಬಯಲಲ್ಲಿ ಯಾರು ಹೇಳಿಕೊಡುದು?"

"ಒಂದು ಪಂದ್ಯ ಅಪ್ಪ!" ಅಶ್ವಿತ್ ಕೂಗಿದ, ತನ್ನ ಕೂಗಿಗೆ ತಾನೇ ತಲೆ ಹಿಡಿದುಕೊಂಡ. "ಒಂದೇ ಒಂದು. ಸಹಿ ಆಗ್ಲಿ. ಇಲ್ಲದಿದ್ದರೆ ಇದನ್ನೂ ಅರ್ಧಕ್ಕೆ ಬಿಟ್ಟೆ ಅಂತ ನೀವೇ ಹೇಳ್ತೀರಿ. ಎಲ್ಲರ ಮುಂದೆ ಹೇಳ್ತೀರಿ. ನಂಗೆ ಇನ್ನೊಂದು ಸಲ ಅದು ಕೇಳ್ಲಿಕ್ಕೆ ಆಗುದಿಲ್ಲ."

ಲೋಕನಾಥ ಎದ್ದ, ಚಪ್ಪಲಿ ಹಾಕಿಕೊಂಡ, ಬಾಗಿಲು ತೆಗೆದು ಹೊರಗೆ ಹೋದ. ಕಾಲುವೆಯ ದಾರಿಯಲ್ಲಿ ಅವನು ನಡೆಯುವುದು ಕಿಟಕಿಯಿಂದ ಕಾಣಿಸಿತು, ಬೆನ್ನ ಮೇಲೆ ಮಗನ ಹೆಸರು.

"ನೋಡಿದಿರಾ? ಮತ್ತೆ ಶುರುವಾಯ್ತು" ಎಂದು ವಿನೋದಾ ಅತ್ತಳು. ಶ್ರೇಯಾ ಅಣ್ಣನನ್ನು ಕೈಹಿಡಿದು ಎಬ್ಬಿಸಿ ಮಹಡಿಗೆ ಕರೆದೊಯ್ದಳು. ದೇವರ ಮೂಲೆಯಲ್ಲಿ ಒಬ್ಬರೇ ಉಳಿದ ಇಂದಿರಮ್ಮ ದೀಪಕ್ಕೆ ಕೈಮುಗಿದು, ಮೊಮ್ಮಗ ನಿಂತಲ್ಲಿಂದ ಹಿಡಿದು ಧನಿಷ್ಠಾ, ಶ್ರವಣ ಎಂದು ಅಶ್ವಿನಿಯವರೆಗೂ ತಾವೇ ಹೇಳಿ ಮುಗಿಸಿದರು.

ಬೆಳಿಗ್ಗೆ ಲೋಕನಾಥ ಕಾರು ತೆಗೆದು ನಿಲ್ಲಿಸಿದ್ದ. "ಬಾ" ಎಂದ ಮಗನಿಗೆ. ಅಷ್ಟೇ. ಅಶ್ವಿತ್ ಆಟದ ಚೀಲ ತೆಗೆದುಕೊಂಡ. ಅಪ್ಪ ಬೇಡವೆನ್ನಲಿಲ್ಲ. ಆಡಿಸಲು ಕರೆದೊಯ್ಯುತ್ತಿದ್ದಾನೋ ಬಿಡಿಸಲು ಕರೆದೊಯ್ಯುತ್ತಿದ್ದಾನೋ ಯಾರಿಗೂ ತಿಳಿಯಲಿಲ್ಲ. ವಿನೋದಾ ಚಕ್ಕುಲಿ ಡಬ್ಬ ಹಿಡಿದು ಹಿಂದಿನ ಸೀಟಿಗೆ ಹತ್ತಿದಳು. ಶ್ರೇಯಾಳೂ ಹತ್ತಿದಳು.

ಮೈದಾನದ ಹಿಂದಿನ ಬಾಗಿಲಲ್ಲಿ ಲೋಕನಾಥ ಕಾರು ನಿಲ್ಲಿಸಿ, ಕೈ ಸ್ಟೀರಿಂಗಿನ ಮೇಲೇ ಇಟ್ಟುಕೊಂಡು ಹೇಳಿದ, "ಡಾಕ್ಟರ್ ಹತ್ತಿರ ಹೋಗುವಾ. ಆ ಮೊದಲನೆಯ ಟೆಸ್ಟ್ ಸುಳ್ಳು ಅಂತ ನೀನೇ ಹೇಳಬೇಕು. ನಾನು ಪಕ್ಕ ನಿಲ್ತೇನೆ."

"ಟೀಮಿಂದ ತೆಗೀಬಹುದು ಅಪ್ಪ. ಆ ಕೋಚ್ ತಿರುಗಿಯೂ ನೋಡುದಿಲ್ಲ."

"ಗೊತ್ತುಂಟು."

"ಇದು ತಪ್ಪಿದರೆ ಇನ್ನೊಂದು ತಂಡ ಇಲ್ಲ ನಂಗೆ."

"ಗೊತ್ತುಂಟು ಮಗ. ಇಳಿ."

ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಅಶ್ವಿತನ ಚೀಲ ಲೋಕನಾಥನ ಹೆಗಲಲ್ಲಿತ್ತು. ಡಾಕ್ಟರು ಸಿಟ್ಟಿನಲ್ಲಿದ್ದರು, ತಂಡದ ಕೋಚ್ ಮುಖ ತಿರುಗಿಸಿದ್ದ, ಆಸ್ಪತ್ರೆಗೆ ಈಗಲೇ ಹೋಗಬೇಕು, ಈ ಸೀಸನ್ ಮುಗಿಯಿತು. ಶ್ರೇಯಾ ಅಣ್ಣನನ್ನು ಹಿಂದಿನ ಸೀಟಿನಲ್ಲಿ ತನ್ನ ಪಕ್ಕ ಕೂರಿಸಿ ಕಣ್ಣಿಗೆ ಟೋಪಿ ಇಳಿಸಿದಳು.

ಅಷ್ಟರಲ್ಲಿ ಯತಿರಾಜ್ ಸಂಘದವರ ದಂಡಿನೊಂದಿಗೆ ಬಂದ. ಕೈಯಲ್ಲಿ ಹಳದಿ ಕೆಂಪು ಬಾವುಟ. "ಏನ್ ಲೋಕಣ್ಣ, ಇಲ್ಲಿ ಯಾಕೆ ನಿಂತಿದ್ದೀರಾ? ಹೀರೋ ಎಲ್ಲಿ? ಇವತ್ತು ಆ ಜರ್ಮನ್ ಕೋಚ್‌ಗೆ ತೋರಿಸ್ಬಿಡೋಣ!"

ಲೋಕನಾಥ ಎರಡು ಹೆಜ್ಜೆ ಮುಂದೆ ಬಂದು, ಕಾರಿನ ಕಿಟಕಿ ಅವರಿಗೆ ಕಾಣದ ಹಾಗೆ ನಿಂತ. "ಅವ ಇವತ್ತು ಆಡುದಿಲ್ಲ. ಇನ್ನು ಮೇಲೂ ಇಲ್ಲ."

"ಏನ್ ಸಾರ್ ಹೀಗಂತೀರಾ? ಬಿಟ್ಬಿಟ್ನಾ?"

"ಅವ ಬಿಡಲಿಲ್ಲ. ನಾನು ಬಿಡಿಸಿದ್ದು."

"ನೀವಾ? ಇಷ್ಟು ದಿನ ಮೆರೆದಾಡಿದ್ದು ನೀವೇ ಅಲ್ವಾ? ನಮ್ಮನ್ನೆಲ್ಲ ಕೆಲ್ಸ ಬಿಡ್ಸಿ ಕರ್ಸಿದ್ದು ನೀವೇ! ಆ ಹುಡುಗನ ಲೈಫ್ ಹಾಳ್ ಮಾಡ್ತಿದ್ದೀರಲ್ಲ ಸಾರ್."

"ಹೌದು. ಅವನಿಗೆ ಆಸೆ ಇತ್ತು. ನಂಗೆ ಬೇಡ ಅಂತ ಕಂಡಿತು. ನನ್ನದೇ ತಪ್ಪು ಅಂತ ಇಟ್ಟುಕೊಳ್ಳಿ" ಎಂದು ಲೋಕನಾಥ, ಕಾರಿನಿಂದ ಇಳಿದು ಬಂದಿದ್ದ ವಿನೋದಾಳ ಕೈಯಿಂದ ಡಬ್ಬ ತೆಗೆದು ಅವನಿಗೆ ಕೊಟ್ಟ. "ಚಕ್ಕುಲಿ ತಿನ್ನಿ. ಪಂದ್ಯ ನೋಡಿಕೊಂಡೇ ಹೋಗಿ."

ಜುಲೈ ಪೂರ್ತಿ ಅಶ್ವಿತನ ಕೋಣೆಯ ಪರದೆ ಇಳಿದೇ ಇತ್ತು. ಆಸ್ಪತ್ರೆಯವರು ಫೋನು, ಟಿವಿ, ಓದು ಎಲ್ಲವನ್ನೂ ಕಡಿಮೆ ಮಾಡಲು ಹೇಳಿದ್ದರು. ನಿಧಾನವಾಗಿ ಸರಿಹೋಗುತ್ತದೆ, ಆದರೆ ಆ ಆಟ ಇನ್ನಿಲ್ಲ ಎಂದಿದ್ದರು. ಸಂಜೆ ಅಜ್ಜಿ ಮಹಡಿ ಹತ್ತಿ ಬಂದು, ಅವನು ಎಲ್ಲಿಯವರೆಗೆ ಹೇಳಿದರೆ ಅಲ್ಲಿಯವರೆಗೆ ಕೇಳಿ ಹೋಗುತ್ತಿದ್ದರು. ವಿನೋದಾ ಕಷಾಯ ನಿಲ್ಲಿಸಿದ್ದಳು.

ಕೆಳಗೆ ಫೋನ್ ಬಿಡುವಿಲ್ಲದೆ ಬರುತ್ತಿತ್ತು. ಸಂಘದವರು, ಪ್ರಭಾ, ಮಂಗಳೂರಿನ ನೆಂಟರು, ಬಂದರಿನ ಸಹೋದ್ಯೋಗಿಗಳು. ಊಟ ಹಿಡಿದು ವಿನೋದಾ ಕೋಣೆಗೆ ಬಂದ ಹೊತ್ತಿಗೆ ಮೆಟ್ಟಿಲ ಬುಡದಿಂದ ಲೋಕನಾಥನ ದನಿ ಕೇಳುತ್ತಿತ್ತು. "ಇಲ್ಲ ಇಲ್ಲ, ಅವ ಅರ್ಧಕ್ಕೆ ಬಿಡುವವ ಅಲ್ಲ. ನನ್ನದೇ ಹಟ. ಹೌದು, ಬೈಯಿರಿ, ನಂಗೇ ಬೈಯಿರಿ."

ಅಶ್ವಿತ್ ಕತ್ತಲಲ್ಲಿ ಎದ್ದು ಕೂತ. "ಅಮ್ಮ, ಅಪ್ಪ ಎಲ್ಲರ ಹತ್ತಿರ ಸುಳ್ಳು ಹೇಳ್ತಿದ್ದಾರೆ."

"ಹೇಳಲಿ" ಎಂದು ವಿನೋದಾ ತಟ್ಟೆಯನ್ನು ಅವನ ಮುಂದಿಟ್ಟಳು. "ನೀನು ಊಟ ಮಾಡು."